ಬಿಸಿ ರೊಟ್ಟಿ ಹುಡುಕಿಕೊಂಡು ಹೋದ ಅಮಾಸಿ

ನಮ್ಮ ಕಡಿ ಬರೋ ಹೊರಗಿನ ಮಂದಿ ಬಸ್ಸಿನಿಂದ ಇಳಿದ ಕೂಡ್ಲೇ ಕೇಳೋದು ಒಂದೇ ಮಾತು: ಇಲ್ಲಿ ಊಟ ಎಲ್ಲಿ ಛಲೋ ಸಿಗ್ತದ? ಕೇಳ್ತಾರ, ಆದ್ರ ಉತ್ತರಕ್ಕ ಕಾಯಂಗಿಲ್ಲ. ತಾವೇ ಮಾರಿ ಸೊಟ್ಟ ಮಾಡ್ಕೊಂಡು, ಇಲ್ಲೇನ್ ಸಿಗ್ತದ ಬಿಡ್ರಿ, ಬಿಸಲು, ಧೂಳು, ಅಂತ ನಗ್ತಾರ. ಆ ನಗು ಕೇಳಿದ್ರ ನನಗ ಮೈಯೆಲ್ಲ ಉರೀತದ. ನೌಕರಿ ಮುಗಿಸಿ ಮನಿಯಾಗ ಕುಂತೀನಿ, ಮೊಣಕಾಲು ಹಿಡಿದಾವ, ಆದ್ರೂ ಈ ಒಂದು ವಿಷಯಕ್ಕ ಇನ್ನೂ ಎದ್ದು ನಿಂತು ಜಗಳ ಮಾಡ್ತೀನಿ.

ಕೇಳ್ರಿ ಹಂಗಾದ್ರ. ಸಮುದ್ರದ ದಂಡಿಗಿನ ಯಾವ್ಯಾವೋ ದೇಶದ ಊರಾಗ ಹಾದಿ ಮ್ಯಾಲೇ ಕುರ್ಚಿ ಹಾಕ್ಕೊಂಡು ಉಣ್ತಾರಂತ, ಒಂದೇ ಓಣಿಯಾಗ ಹತ್ತು ಸೀಮಿ ಅಡಗಿ ಸಿಗ್ತದಂತ, ಪೇಪರಿನಾಗ ಓದೀನಿ. ನಮಗ ಸಮುದ್ರ ಇಲ್ಲ, ಕೆನಾಲ್ ಅದ. ಕೆನಾಲ್ ಸಂಗಟ ಬರೇ ನೀರು ಬರಲಿಲ್ಲ. ಮೈಸೂರು ಕಡಿ ಇಂಜಿನಿಯರ್ರು ಬಂದ್ರು, ಮಣ್ಣು ಹೊರೋ ಗಾಡಿ ಡ್ರೈವರ್ರು ಬಂದ್ರು, ಆಂಧ್ರದ ರೈತ್ರು ಹೊಲಾ ಹಿಡಿದು ಕ್ಯಾಂಪ್ ಮಾಡ್ಕೊಂಡು ಕುಂತ್ರು, ಎಲ್ಲೆಲ್ಲಿಂದೋ ಕೂಲಿ ಮಂದಿ ಬಂತು. ಎಲ್ಲರಿಗೂ ಹೊಟ್ಟಿ ಇತ್ತು. ಶಹಾಪುರ ಬಸ್ ಸ್ಟ್ಯಾಂಡಿನ ಸುತ್ತ ಒಂದಾದ ಮ್ಯಾಲ ಒಂದು ಹೋಟ್ಲು ಎದ್ದವು.

ಅಲ್ಲಿನ ಆಂಧ್ರಾ ಮೆಸ್ಸಿನಾಗ ಬಾಳಿ ಎಲಿ ಮ್ಯಾಲ ಅನ್ನ ಗುಡ್ಡಾ ಹಾಕಿ, ತುಪ್ಪ ಸುರಿದು, ಖಾರದ ಪುಡಿ ನೀಡ್ತಿದ್ರು. ಗೋಂಗೂರ ಅಂತ ಒಂದು ಚಟ್ನಿ ಮ್ಯಾಲ ಅವ್ರಿಗೆ ಭಾಳ ಡೌಲು. ಅದು ನಮ್ಮ ಪುಂಡಿ ಪಲ್ಯಾನೇ ಹೌದು, ಜರಾ ಎಣ್ಣಿ ಜಾಸ್ತಿ, ಅಷ್ಟ. ಯಾದಗಿರಿ ಸ್ಟೇಷನ್ ಮುಂದ ಇರಾನಿ ಚಹಾ ಸಿಗ್ತಿತ್ತು, ಗಟ್ಟಿ ಹಾಲಿಂದು, ಬಸಿ ತುಂಬ ಚೆಲ್ಲೂವಂಗ. ಅದರಾಗ ಉಪ್ಪು-ಸಿಹಿ ಬಿಸ್ಕೀಟು ಅದ್ದಿ ತಿಂದ್ರ ಹೈದರಾಬಾದಿಗೆ ಹೋಗಿ ಬಂದಂಗ ಆಗ್ತಿತ್ತು. ಸುರಪುರದಾಗ ಸಂಜಿ ಹೊತ್ತಿಗೆ ಮಿರ್ಚಿ ಭಜಿ, ಮಂಡಕ್ಕಿ ನೆನಸಿ ಒಗ್ಗರಣಿ ಕೊಟ್ಟ ಮಂಡಾಳ ಸುಸಲಾ. ಆ ಮಿರ್ಚಿ ತಿಂದು ಕಣ್ಣಾಗ ನೀರು ಬರಲಿಲ್ಲಂದ್ರ ಅಂವ ನಮ್ಮ ಕಡ್ಯಾವ ಅಲ್ಲ. ಶುಕ್ರವಾರ ಮಸೀದಿ ಹಿಂದಿನ ಓಣಿಯಾಗ ಬಿರ್ಯಾನಿ ಹಂಡೇ ಇಳಿಸಿದ್ರ ನಮ್ಮ ಆಫೀಸಿನ ಅರ್ಧ ಮಂದಿ ಫೈಲು ಮುಚ್ಚಿ ಎದ್ದು ಹೋಗ್ತಿದ್ರು. ಏನೂ ಸಿಗಂಗಿಲ್ಲಂತ, ಹೇಳ್ತಾರ ದೊಡ್ಡ ಮಂದಿ.

ಇವೆಲ್ಲಕ್ಕಿಂತ ಮ್ಯಾಲಿಂದು ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಖಾನಾವಳಿ. ಬಿಳಿಜ್ವಾಳದ ರೊಟ್ಟಿ, ಬದ್ನಿಕಾಯಿ ಎಣಗಾಯಿ, ಹೆಸರುಬ್ಯಾಳಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ರೊಟ್ಟಿ ಹಂಚಿನಿಂದ ಸೀದಾ ತಾಟಿಗೆ ಬರ್ತಿತ್ತು, ಉಬ್ಬಿದ್ದು ಇಳಿಯೂದ್ರೊಳಗ. ಸೈಟಿಗೆ ಹೊಂಟ ಸಾಹೇಬ್ರು ಜೀಪು ತಿರುಗಿಸಿ ಅಲ್ಲಿಗೆ ಬರ್ತಿದ್ರು. ಆ ರೊಟ್ಟಿ ಬಡಿತಿದ್ದಾಕಿ ನಮ್ಮವ್ವ.

ನಮ್ಮೂರು ವನದುರ್ಗದ ಬಾಜೂಕ. ಅಪ್ಪ ಕುರಿ ಕಾಯಾಂವ. ನೀರು ಬಂದ ಮ್ಯಾಲ ಕುರಿ ಮೇಯೋ ಬಯಲೆಲ್ಲ ಭತ್ತದ ಗದ್ದಿ ಆತು, ಕುರಿ ಕಾಲಿಡಾಕ ಜಾಗಾ ಉಳೀಲಿಲ್ಲ. ಅಪ್ಪ ಹಿಂಡು ಹೊಡಕೊಂಡು ಒಣ ಸೀಮಿ ಕಡಿ ಹೋದ, ಹಬ್ಬಕ್ಕೊಮ್ಮಿ ಮನಿಗೆ ಬರಾಂವ. ಅವ್ವ ನನ್ನ ಸಾಲಿ ಸಲುವಾಗಿ ಶಹಾಪುರಕ್ಕ ಬಂದು, ಒಂದು ಖೋಲಿ ಹಿಡಿದು, ಖಾನಾವಳಿಯಾಗ ಕೆಲಸಕ್ಕ ನಿಂತ್ಳು. ಹುಟ್ಟಿದ ಮನಿಯಾಗೂ ರೊಟ್ಟಿ ಬಡಿಯೋದೇ, ಕೊಟ್ಟ ಮನಿಯಾಗೂ ರೊಟ್ಟಿ ಬಡಿಯೋದೇ, ಇಲ್ಲಿ ಅದಕ್ಕ ಪಗಾರ ಕೊಡ್ತಾರ ಅಂತ ಅಕಿಗೆ ಬಲು ಖುಷಿ ಇತ್ತು.

ನನಗ ಮಾತ್ರ ಹಿಟ್ಟು ಮುಟ್ಟಾಕ ಬಿಡಲಿಲ್ಲ. ಓದು ಅಂದ್ಳು, ಓದಿದೆ. ಟೈಪಿಂಗ್ ಕಲಿ ಅಂದ್ಳು, ಕಲ್ತೆ. ಕೆನಾಲ್ ಕೆಲಸದ ಒಂದು ಆಫೀಸಿನಾಗ ಟೈಪಿಸ್ಟ್ ಆದೆ. ಆ ಆಫೀಸಿನಾಗ ಕುರ್ಚಿ ಮ್ಯಾಲ ಕುಂದ್ರೋ ಹೆಣಮಗಳು ನಾನೊಬ್ಬಾಕೀನೇ. ಸೊಕ್ಕು ಇತ್ತು ನನಗ, ಇಲ್ಲಂತ ಹೇಳಂಗಿಲ್ಲ. ಮಧ್ಯಾನ ಖಾನಾವಳಿ ಹಿಂಬಾಗಲಿನಿಂದ ಒಳಗ ಹೋಗಿ ಒಲಿ ಮುಂದ ಕುಂತ್ರ, ಅವ್ವ ಗಿರಾಕಿ ರೊಟ್ಟಿ ನಡುವ ಒಂದೊಂದು ನನ್ನ ತಾಟಿಗೆ ಒಗೀತಿದ್ಳು. ನಾ ಬಿಸಿ ಬಿಸಿ ಉಂಡು, ಕೈ ತೊಳಕೊಂಡು, ಹೋಗ್ತೀನಿ ಅಂತ ಸೈತ ಹೇಳದ ಆಫೀಸಿಗೆ ಓಡ್ತಿದ್ದೆ.

ಒಂದು ಸಂಜಿ ಆಫೀಸಿನಾಗ ಬೈಸ್ಕೊಂಡು ಮನಿಗೆ ಬಂದಿದ್ದೆ. ಅವ್ವ ಖಾನಾವಳಿಯಿಂದ ತಂದ ಉಳಿದ ರೊಟ್ಟಿ ಗಂಟು ಬಿಚ್ಚಿ ತಾಟಿಗೆ ಹಾಕಿದ್ಳು. ನಾ ತಾಟು ದಬ್ಬಿದೆ. ಈ ಆರಿದ ರೊಟ್ಟಿ ನಾ ಉಣ್ಣಂಗಿಲ್ಲ, ಚಪ್ಪಲ್ ಚರ್ಮ ಆಗ್ಯಾವ, ಬಿಸಿ ರೊಟ್ಟಿ ರುಚಿ ಹೆಂಗಿರ್ತದಂತ ನಿನಗ ನೆನಪಾದ್ರೂ ಅದನೋ ಇಲ್ಲೋ ಅಂತ ಒದರಿದೆ. ಅವ್ವ ಸಿಟ್ಟಿಗೇಳಲಿಲ್ಲ. ದಬ್ಬಿದ ತಾಟು ತನ್ನ ಮುಂದ ಎಳಕೊಂಡ್ಳು.

"ನೆನಪಿರಾಕ ನಾ ಎಲ್ಲಿ ಉಂಡೀನವ್ವಾ," ಅಂದ್ಳು.

ಮೊದಲು ನಾ ಚಾಷ್ಟಿ ಅಂದ್ಕೊಂಡೆ. ದಿನಕ್ಕ ಅಷ್ಟು ರೊಟ್ಟಿ ಬಡಿಯಾಕಿ ಬಿಸಿ ರೊಟ್ಟಿ ಉಂಡಿಲ್ಲ ಅಂದ್ರ ಯಾರು ನಂಬ್ತಾರ? ಆಮ್ಯಾಲ ಅಕಿ, ರೊಟ್ಟಿ ನೀರಾಗ ಅದ್ದಿ ಮೆತ್ತಗ ಮಾಡ್ಕೋತ, ಸಮಾಧಾನ್ಲೇ ತಿಳಿಸಿ ಹೇಳಿದ್ಳು. ರೊಟ್ಟಿ ಬಡಿಯಾಕಿ ಕೈಯಾಗ ಒಂದು ಇರ್ತದ, ಹಂಚಿನ ಮ್ಯಾಲ ಒಂದು ಇರ್ತದ, ಹೊರಗ ಒಂದು ಹೋಗ್ತಿರ್ತದ. ನಡುವ ಕೈ ತೊಳಕೊಂಡು ಉಣ್ಣಾಕ ಕುಂತ್ರ ಹಂಚು ಕರ್ರಗಾಗ್ತದ, ಹಿಟ್ಟು ಒಣಗ್ತದ, ಗಿರಾಕಿ ಒದರ್ತಾರ. ಎಲ್ಲರದೂ ಮುಗಿದು, ಒಲಿ ಆರಿಸಿ, ಹಿಟ್ಟಿನ ಪರಾತ ತೊಳೆದು ಕುಂಡ್ರೂದ್ರಾಗ ಉಳಿದಿದ್ದು ಆರಿ ತಣ್ಣಗಾಗಿರ್ತದ. ಸಣ್ಣಾಕಿದ್ದಾಗ ತವರು ಮನಿಯಾಗೂ ಹಂಗ, ಮದುವಿ ಆದ ಮ್ಯಾಲೂ ಹಂಗ. ಯಾರೂ ಉಣಬ್ಯಾಡ ಅಂದಿಲ್ಲ. ಕೆಲಸದ ರೀತೀನೇ ಹಂಗ ಅದ ಅಂದ್ಳು.

ನನ್ನ ಮಾರಿಗೆ ಹೊಡೆದಂಗಾತು. ಹುಟ್ಟಿದಾಗಿಂದ ಅಕಿ ಕೈಯಾಗಿನ ಬಿಸಿ ರೊಟ್ಟಿ ಉಂಡಾಕಿ ನಾನು. ಒಂದು ದಿನಾನೂ ನೀ ಉಂಡೀಯೇನು ಅಂತ ಕೇಳಿಲ್ಲ. ನಾಚಿಕಿ ಬಂತು, ನಾಚಿಕಿ ಹಿಂದನ ಸಿಟ್ಟು ಬಂತು. ಮರುದಿನ ಮುಂಜಾನಿ ನಾನೇ ಹಿಟ್ಟು ನಾದಿ ಬಡಿಯಾಕ ಕುಂತೆ. ನಂದು ರೊಟ್ಟಿ ಅಲ್ಲ, ಹರಿದ ನಕಾಶಿ ಆತು. ಹಂಚಿಗೆ ಹಾಕೋದ್ರೊಳಗ ನಾಕು ತುಂಡು. ಅವ್ವ ನಕ್ಕು ನಕ್ಕು ಹೊಟ್ಟಿ ಹಿಡ್ಕೊಂಡು, ಟೈಪು ಮಾಡೋ ಕೈಲೆ ಹಿಟ್ಟು ಕುಟ್ಟಬ್ಯಾಡ ಅಂತ ನನ್ನ ಎಬ್ಬಿಸಿ ತಾನೇ ಬಡಿಯಾಕ ಕುಂತ್ಳು. ಮತ್ತ ಬಿಸೀದು ಉಂಡಾಕಿ ನಾನೇ.

ಅವತ್ತೇ ಖಾನಾವಳಿ ಮಾಲಕನ ಮುಂದ ಹೋಗಿ ನಿಂತೆ. ನಮ್ಮವ್ವ ಒಂದು ದಿನ ಹಾಲ್‌ನಾಗ ಕುರ್ಚಿ ಮ್ಯಾಲ ಕುಂತು ಬಿಸಿ ರೊಟ್ಟಿ ಉಣಬೇಕು, ಗಿರಾಕಿ ಹಂಗ, ಅಂತ ಹೇಳಿದೆ. ಅಂವ ಕೆಟ್ಟ ಮನಷ್ಯಾ ಅಲ್ಲ. ನಕ್ಕ, ಎಲಿ ಅಡಕಿ ಆಚಿಗಿ ಉಗುಳಿ ಬಂದ, ಕುಂದ್ರಲಿ ಅಂದ. ಆಮ್ಯಾಲ, ಅಕಿ ಕುಂತ್ರ ಬಡಿಯಾಕಿ ಯಾರು ಅಂತ ಕೇಳಿದ. ಅವನ ಮಾತು ಬರೋಬ್ಬರಿ ಇತ್ತು, ಅದಕ್ಕ ಇನ್ನಷ್ಟು ಸಿಟ್ಟು ಬಂತು.

ಅಮಾಸಿ ದಿನ ಆ ಖಾನಾವಳಿ ಬಂದ್ ಇರ್ತಿತ್ತು. ಬರೋ ಅಮಾಸಿಗೆ ಆಫೀಸಿಗೆ ರಜಾ ಚೀಟಿ ಕೊಟ್ಟು ಅವ್ವಗ ಹೊಸ ಸೀರಿ ಉಡಿಸಿದೆ. ಎಲ್ಲಿಗೆ ಅಂದ್ಳು. ಊಟಕ್ಕ ಅಂದೆ. ಈ ಸುತ್ತಿನ ಮೂರು ಊರಾಗ ಒಂದು ಹೋಟ್ಲಿನಾಗಾದ್ರೂ ನಿನಗ ಬಿಸಿ ರೊಟ್ಟಿ ಉಣಿಸಿ ಕರ್ಕೊಂಡು ಬರ್ತೀನಿ, ಇಲ್ಲಂದ್ರ ನಾನೂ ಇನ್ಮ್ಯಾಲ ಆರಿದ್ದೇ ಉಣ್ತೀನಿ ಅಂದೆ. ಅವ್ವಗ ನಾಚಿಕಿ, ಊಟದ ಸಲುವಾಗಿ ಬಸ್ಸಿಗೆ ಹೋಗೋದಂದ್ರ ಮಂದಿ ಏನಂತಾರ ಅಂತ. ಆದ್ರೂ ಕನ್ನಡ್ಯಾಗ ಎರಡು ಸಲ ನೋಡ್ಕೊಂಡ್ಳು.

ಮೊದಲು ಸುರಪುರಕ್ಕ ಹೋದ್ವಿ. ಅಲ್ಲಿ ಒಂದು ಖಾನಾವಳಿ ಬಗ್ಗೆ ಆಫೀಸಿನಾಗ ಭಾಳ ಕೇಳಿದ್ದೆ. ಹೊಸ್ತಲಾ ದಾಟೂದ್ರಾಗ ಸಪ್ಲಾಯರ್ ನಮ್ಮನ್ನ ನೋಡಿ ಒಳಗ ಒದರಿದ: "ಎರಡು ಫ್ಯಾಮಿಲಿ!"

ಇದೊಂದು ಶಬ್ದ ನಿಮಗ ಬಿಡಿಸಿ ಹೇಳಬೇಕು. ನಮ್ಮ ಕಡಿ ಫ್ಯಾಮಿಲಿ ಅಂದ್ರ ಸಂಸಾರ ಅಲ್ಲ, ಹೆಣಮಗಳು. ಗಂಡಸು ಒಬ್ಬನೇ ಬಂದ್ರ, ಫ್ಯಾಮಿಲಿ ಕರ್ಕೊಂಡು ಬಂದಿಲ್ಲೇನ್ರಿ ಅಂತ ಕೇಳ್ತಾರ. ಹೋಟ್ಲಿಗೆ ಒಬ್ಬಾಕಿ ಹೋದ್ರ ಒಂದು ಫ್ಯಾಮಿಲಿ, ಇಬ್ಬರು ಹೋದ್ರ ಎರಡು ಫ್ಯಾಮಿಲಿ. ಹತ್ತು ಮಂದಿ ಗಂಡಸರು ಒಂದೇ ಮನಿಯಾವ್ರು ಬಂದ್ರೂ ಅವ್ರು ಫ್ಯಾಮಿಲಿ ಅಲ್ಲ. ಫ್ಯಾಮಿಲಿ ಬಂತಂದ್ರ ಹಾಲ್‌ನಾಗ ಕುಂದ್ರಂಗಿಲ್ಲ, ಮೂಲ್ಯಾಗ ಪ್ಲೈವುಡ್ ಹೊಡೆದು ಮಾಡಿದ ಫ್ಯಾಮಿಲಿ ರೂಮಿಗೆ ಹೋಗಬೇಕು. ಅದರ ಬಾಗಲಿಗೆ ಒಂದು ಪರ್ದಾ. ಆ ಪರ್ದಾಕ್ಕ ಮಂದಿ ಕೈ ಒರಸಿ ಒರಸಿ ಹಳದಿ ಬಣ್ಣ ಬಂದಿರ್ತದ. ಫ್ಯಾನು ಹೊರಗ, ಬೆಳಕು ಹೊರಗ, ಸಪ್ಲಾಯರ್ ಹೊರಗ. ಒಳಗ ನಾವು.

ಅವತ್ತಿನ ತನಕ ನಾ ಅದನ್ನ ಮನಸ್ಸಿಗೆ ಹಚ್ಕೊಂಡಿದ್ದಿಲ್ಲ. ಅಂದು ಅವ್ವನ ಸಂಗಟ ಒಳಗ ಕುಂತು ಕಾಯಾಕತ್ತಿದಾಗ ಗೊತ್ತಾತು. ರೊಟ್ಟಿ ಬಡಿಯೋ ಸಪ್ಪಳ ಗ್ವಾಡಿ ಆಚಿ ಕೇಳಸ್ತಿತ್ತು. ಬಿಸೀವು ಹಾಲ್‌ಗೆ ಹೋಗ್ತಿದ್ವು. ಹಾಲ್‌ನಾಗ ಸಾಕು ಅಂದಾಗ ಉಳಿದವು ನಮ್ಮ ಕಡಿ ಬಂದ್ವು. ಅವ್ವ ರೊಟ್ಟಿಗೆ ಬೆರಳು ಹಚ್ಚಿ ನೋಡಿದ್ಳು. ಇದು ಬಡಿದು ಭಾಳ ಹೊತ್ತಾಗ್ಯದ ಅಂದ್ಳು, ಸುಮ್ನ ಮುರಿದು ಉಣ್ಣಾಕತ್ತಿದ್ಳು.

ನಾ ಪರ್ದಾ ಸರಿಸಿ ಸಪ್ಲಾಯರ್‌ನ ಕರೆದು ಬಿಸೀದು ತಾ ಅಂದೆ. ಫ್ಯಾಮಿಲಿಗೆ ಇವೇರಿ, ಬಿಸೀದು ಬೇಕಂದ್ರ ಗಂಡಸರ ಸಂಗಟ ಬರಬೇಕಿತ್ತು ಅಂದ. ನಾ ಎದ್ದು ನಿಂತೆ. ಅವ್ವ ನನ್ನ ಸೆರಗು ಹಿಡಿದು ಜಗ್ಗಿ ಕುಂದ್ರಿಸಿದ್ಳು. ಆಚಿ ಬಡಿಯಾಕತ್ತಾಕಿ ಒಬ್ಬಾಕೀನೇ ಅದಾಳ, ಸಪ್ಪಳ ಕೇಳಿದ್ರ ಗೊತ್ತಾಗ್ತದ, ಅಕಿಗೆ ಯಾಕ ಗಡಿಬಿಡಿ ಮಾಡ್ತಿ ಅಂದ್ಳು. ಕಂಡು ಕೇಳಿಲ್ಲದಾಕಿ ಮ್ಯಾಲ ಇಷ್ಟು ಕರುಣಾ, ತನ್ನ ಮ್ಯಾಲ ಒಂದೀಟೂ ಇಲ್ಲ. ನನಗ ಸಪ್ಲಾಯರ್ ಮ್ಯಾಲಿನಕಿಂತ ಅವ್ವನ ಮ್ಯಾಲೇ ಹೆಚ್ಚು ಸಿಟ್ಟು ಬಂತು. ಅರ್ಧಾ ಬಿಟ್ಟು ಎದ್ದು ಬಂದ್ವಿ.

ಹೊಳ್ಳಿ ಬಸ್ಸು ಹತ್ತಿದ್ವಿ. ಶಹಾಪುರ ಬಂದಾಗ ಅವ್ವ ಚೀಲಾ ಹಿಡಕೊಂಡು ಎದ್ಳು, ಮನಿಗೆ ಹೋಗೂಣು, ಆತಲ್ಲ ಊಟ ಅಂದ್ಳು. ನಾ ಅಕಿ ಕೈ ಹಿಡಿದು ಕುಂದ್ರಿಸಿದೆ. ಕಂಡಕ್ಟರ್ ಇಳೀತೀರೋ ಇಲ್ಲೋ ಅಂತ ಕೇಳಿದ. ಇಳಿಯಂಗಿಲ್ಲ, ಯಾದಗಿರಿಗೆ ಎರಡು ಟಿಕೇಟ್ ಹರೀರಿ ಅಂದೆ. ಜಿದ್ದು ನಂದಿತ್ತೋ, ಅವ್ವನ ಸಲುವಾಗಿ ಇತ್ತೋ, ಆಗ ವಿಚಾರ ಮಾಡಲಿಲ್ಲ. ಕೆನಾಲ್ ದಾಟಿತು, ಭತ್ತದ ಗದ್ದಿ ಮುಗಿದವು, ಆಮ್ಯಾಲ ಜ್ವಾಳದ ಒಣ ಹೊಲ ಬಂದ್ವು. ಅವ್ವ ಕಿಡಕ್ಯಾಗಿಂದ ಜ್ವಾಳದ ತೆನಿ ನೋಡ್ಕೋತ, ಇಲ್ಲಿ ಹಿಟ್ಟು ಛಲೋ ಇರ್ತದ ಅಂತ ತನ್ನಷ್ಟಕ್ಕ ಅಂದ್ಳು. ಭೀಮಾ ಬ್ರಿಜ್ ದಾಟಿ ಯಾದಗಿರಿ ಬಂದಾಗ ಎರಡು ಹೊಡೆದಿತ್ತು.

ಸ್ಟೇಷನ್ ಹಾದ್ಯಾಗ ಒಂದು ಖಾನಾವಳಿ ಇತ್ತು, ಯಾವುದೋ ಗಾಡಿ ಬಂದಿತ್ತು ಕಾಣಸ್ತದ, ಹಾಲ್ ತುಂಬಿತ್ತು. ಸಪ್ಲಾಯರ್ ನಮ್ಮನ್ನ ನೋಡಿದ್ದೇ ಪರ್ದಾ ಎತ್ತಿ ಹಿಡಿದ. ನಾ ಅತ್ತಾಗ ನೋಡಲಿಲ್ಲ. ಹಾಲ್‌ನ ನಟ್ಟನಡುವ, ಫ್ಯಾನಿನ ಕೆಳಗ ಒಂದು ಟೇಬಲ್ ಖಾಲಿ ಆಗಿತ್ತು. ಹೋಗಿ ಕುಂತೆ. ಅವ್ವಗೂ ಒಂದು ಕುರ್ಚಿ ಎಳೆದೆ. ಅಕಿ ಒಂದು ಗಳಿಗಿ ನಿಂತ್ಳು, ಸೆರಗು ತಲಿ ಮ್ಯಾಲ ಎಳಕೊಂಡ್ಳು, ಆಮ್ಯಾಲ ಕುರ್ಚಿ ತುದಿಗೆ ಕುಂತ್ಳು. ಉಣ್ಣೋ ಮಂದಿ ಕೈ ನಿಂತವು.

ಗಲ್ಲಾ ಮ್ಯಾಲಿನ ಮಾಲಕ ಎದ್ದು ಬಂದ. ಮಾತೇನೋ ನಯಾನೇ ಇತ್ತು. ಅಕ್ಕಾರ, ಫ್ಯಾಮಿಲಿ ರೂಮ್ ಖಾಲಿ ಅದ, ಇಲ್ಲಿ ಗಂಡಸರು ಕುಂದ್ರತಾರ, ನಿಮಗ ತ್ರಾಸ ಆಗ್ತದ ಅಂದ.

"ನಮ್ಮ ಫ್ಯಾಮಿಲಿ ಇಲ್ಲೇ ಕುಂದ್ರತದ," ಅಂದೆ. "ಎರಡು ಊಟ. ಬಿಸಿ ರೊಟ್ಟಿ."

ಅಂವ ಜಗಳಾ ಮಾಡಲಿಲ್ಲ. ಜಗಳಾ ಮಾಡಿದ್ರ ನಾ ಗೆಲ್ತಿದ್ದೆ, ಅದು ಅವನಿಗೂ ಗೊತ್ತಾಗಿರಬೇಕು. ಆತ್ರಿ ಅಂತ ಹೋಗಿ ಗಲ್ಲಾ ಮ್ಯಾಲ ಕುಂತ. ಆಮ್ಯಾಲ ನಮ್ಮ ಟೇಬಲ್ಲಿಗೆ ಯಾರೂ ಬರಲಿಲ್ಲ. ನಮ್ಮ ಹಿಂದ ಬಂದವ್ರಿಗೆ ತಾಟು ಬಂತು, ರೊಟ್ಟಿ ಬಂತು, ಎರಡನೇದು ಬಂತು. ನಮಗ ನೀರು ಸೈತ ಇಲ್ಲ. ನಾ ಎರಡು ಸಲ ಕೂಗಿದೆ. ರೊಟ್ಟಿಗೆ ಟೈಮ್ ಹತ್ತತದ, ಅನ್ನ ಬೇಕಾದ್ರ ಹೇಳ್ರಿ ಅಂತ ಸಪ್ಲಾಯರ್ ದೂರಿಂದನೇ ಹೇಳಿದ. ಸುತ್ತ ಕುಂತಾವ್ರು ಕೆಲವರು ನಗಾಕತ್ತಿದ್ರು, ಕೆಲವರು ತಾಟಿನಾಗ ಮಾರಿ ಹಾಕಿದ್ರು. ಹೌದು ತಂಗಿ ನಿಂದು ಖರೇ ಅದ ಅಂತ ಒಬ್ಬನೂ ಅನಲಿಲ್ಲ. ನನ್ನ ಕಣ್ಣಾಗ ನೀರು ಬರಾಕತ್ತಿತ್ತು, ಅದನ್ನ ಅವ್ರಿಗೆ ತೋರಸಬಾರದಂತ ಹಲ್ಲು ಕಚ್ಚಿ ಫ್ಯಾನು ನೋಡ್ಕೋತ ಕುಂತೆ.

ಅಷ್ಟರಾಗ ಅವ್ವ ಎದ್ಳು. ಸೋತ್ಳು, ಇನ್ನ ಮನಿಗೆ ಹೋಗೂಣು ಅಂತಾಳ ಅಂದ್ಕೊಂಡೆ. ಅಕಿ ಹೊಸ್ತಲಾ ಕಡಿ ಹೋಗಲಿಲ್ಲ. ಟೇಬಲ್ ನಡುವ ಹಾಯ್ದು, ಮಾಲಕನ ಮುಂದಿಂದನೇ ಸೀದಾ ಅಡಗಿ ಮನಿಗೆ ಹೊಂಟ್ಳು. ಖಾನಾವಳಿ ಅಡಗಿ ಮನಿ ಎಲ್ಲಿರ್ತದ ಅಂತ ಅಕಿಗೆ ಯಾರೂ ಹೇಳಬೇಕಾಗಿದ್ದಿಲ್ಲ. ನಾನೂ ಹಿಂದ ಓಡಿದೆ.

ಒಳಗ ಹೊಗಿ, ಕಾವು. ಒಲಿ ಮುಂದ ಅವ್ವನ ವಾರಗಿ ಒಬ್ಬ ಹೆಣಮಗಳು ರೊಟ್ಟಿ ಬಡಿಯಾಕತ್ತಿದ್ಳು, ಮೂಗಿನ ತುದಿಗೆ ಬೆವರು. ಗುರುತಿಲ್ಲದ ಇಬ್ಬರು ಬಂದು ನಿಂತಿದ್ದು ನೋಡಿದ್ರೂ ಅಕಿ ಕೈ ನಿಂದ್ರಲಿಲ್ಲ. ಅವ್ವ ಒಂದೆರಡು ರೊಟ್ಟಿ ಆಗೂತನಾ ನಿಂತು ನೋಡಿದ್ಳು. ಹಿಟ್ಟು ಎಲ್ಲಿಂದು ಅಂತ ಕೇಳಿದ್ಳು. ನಮ್ಮೂರು ಬಳಿಚಕ್ರದ್ದು, ಮಳಿ ಜ್ವಾಳ ಅಂದ್ಳು ಅಕಿ. ಅದಕ್ಕ ಹರಿಯಂಗಿಲ್ಲ ನೋಡು ಅಂತ ಅವ್ವ ತಲಿ ಹಾಕಿದ್ಳು. ಆಮ್ಯಾಲ, ಉಂಡೀ ಏನು ಅಂತ ಕೇಳಿದ್ಳು.

ಬಳಿಚಕ್ರದಾಕಿ ಕೈ ಆಗ ನಿಂತಿತು. ಇನ್ನಾ ಎಲ್ಲಿದವ್ವಾ, ಎಲ್ಲರದೂ ಆಗಲಿ ಅಂದ್ಳು. ಅವ್ವ ಬಳಿ ಮ್ಯಾಲ ಸರಿಸಿ, ಕೈ ತೊಳಕೊಂಡು, ಹೊಸ ಸೀರಿ ನೆರಗಿ ಎತ್ತಿ ಕಟ್ಟಿ ಅಕಿ ಬಾಜೂಕ ಕುಂತು, ಸರಿ ಇತ್ತಾಗ ಅಂದ್ಳು. ಅಕಿ ಸರೀಲಿಲ್ಲ, ಮಾಲಕ್ರು ಬೈತಾರ ಅಂದ್ಳು. ಬೈಲಿ, ನಾ ಹಂಚಿನ ಮುಂದ ಇರೂತನಾ ಅವ್ರ ಗಿರಾಕಿ ಉಪವಾಸ ಇರಂಗಿಲ್ಲ, ನೀ ಹೊರಗ ನನ್ನ ಮಗಳ ಬಾಜೂಕ ಕುಂತು ಉಣ್ಣು, ಆಮ್ಯಾಲ ಬಂದು ನನಗ ರೊಟ್ಟಿ ಬಡಿ ಅಂದ್ಳು ಅವ್ವ. ಮತ್ತ ನನ್ನ ಕಡಿ ತಿರುಗಿ, ಕಣ್ಣು ಬಿಟ್ಕೊಂಡು ಏನ್ ನೋಡ್ತಿ, ಕರ್ಕೊಂಡು ಹೋಗು ಅಂದ್ಳು. ಮುಂಜಾನಿಯಿಂದ ನಾ ಒದರಿ ಒದರಿ ಆಗದ್ದನ್ನ ಅಕಿ ಹಿಟ್ಟಿನ ಮಾತು ಆಡಿದಂಗ ಆಡಿ ಮುಗಿಸಿದ್ಳು.

ಬಳಿಚಕ್ರದಾಕಿ ಆ ಹಾಲ್‌ಗೆ ಎಂದೂ ಬಂದಾಕಿ ಅಲ್ಲಂತ. ಬಾಗಲಾಗ ನಿಂತು ಅಷ್ಟೂ ಟೇಬಲ್ ನೋಡಿದ್ಳು, ಇಷ್ಟು ಮಂದಿ ಕುಂದ್ರತಾರೇನ ಅಂದ್ಳು. ನಾ ಅಕಿನ್ನ ಫ್ಯಾನಿನ ಕೆಳಗ ಕುಂದ್ರಿಸಿ, ಒಳಗ ಓಡಿ ಹೋಗಿ ಎಣಗಾಯಿ ನೀಡಿಸ್ಕೊಂಡು, ಅವ್ವ ಇಳಿಸಿದ ಉಬ್ಬಿದ ರೊಟ್ಟಿ ಕೈ ಸುಡ್ತಿದ್ರೂ ಓಡ್ಕೋತ ತಂದು ತಾಟಿಗೆ ಹಾಕಿದೆ. ಅಕಿ ಮುರಿದು ಬಾಯಾಗ ಇಟ್ಕೊಂಡ್ಳೋ ಇಲ್ಲೋ, ಮಾಲಕ ಬಂದ. ಈ ಸಲ ನಯಾ ಇದ್ದಿಲ್ಲ. ಏನ್ ನಡಿಸಿದ್ದಿ, ಏಳು, ಇಲ್ಲಂದ್ರ ನಾಳಿಂದ ಬರಬ್ಯಾಡ ಅಂದ.

ನಮ್ಮ ಜಿದ್ದಿಗೆ ಈಕಿ ಕೂಳು ಹೋಗ್ತದ ಅಂತ ಗಾಬರಿ ಆತು, ಏನಾರ ಹೇಳಬೇಕಂತ ಬಾಯಿ ತೆಗೆದೆ. ಅಕಿ ನನ್ನ ಕೈ ಮ್ಯಾಲ ತನ್ನ ಎಡಗೈ ಇಟ್ಟು ತಡೆದ್ಳು. ತುತ್ತು ಅಗಿದು, ನುಂಗಿ, ಮಾಲಕನ ಮಾರಿ ನೋಡಿದ್ಳು.

"ಆತ್ರಿ," ಅಂದ್ಳು. "ನಾಳಿ ನೀವೇ ಬಡೀರಿ."

ಹಾಲ್‌ನಾಗ 'ರೊಟ್ಟಿ' ಅಂತ ಯಾರೋ ಕೂಗಿದ್ರು. ಒಳಗಿಂದ ಅವ್ವ ಬಡಿಯೋ ಸಪ್ಪಳ ಬರಾಕತ್ತಿತ್ತು. ಮಾಲಕ ಅತ್ತಾಗೊಮ್ಮಿ ನೋಡಿದ, ಇತ್ತಾಗೊಮ್ಮಿ ನೋಡಿದ. ಹೊಳ್ಳಿ ಹೋಗಿ ಗಲ್ಲಾ ಮ್ಯಾಲ ಕುಂತು ಪೇಪರ್ ಬಿಚ್ಚಿದ. ಬಳಿಚಕ್ರದಾಕಿ ನಾಕು ರೊಟ್ಟಿ ಉಂಡ್ಳು, ಗಡಿಬಿಡಿ ಮಾಡದ, ಉಳ್ಳಾಗಡ್ಡಿ ಕಡಕೋತ. ಮ್ಯಾಲೊಂದು ವಾಟಿ ಮೊಸರು ಬೇಕಂದ್ಳು. ಸಪ್ಲಾಯರ್ ತಂದುಕೊಟ್ಟ.

ಆಮ್ಯಾಲ ಅಕಿ ಎದ್ದು ಒಳಗ ಹೋದ್ಳು, ನಮ್ಮವ್ವ ಹೊರಗ ಬಂದ್ಳು. ಹೊಸ ಸೀರಿ ತುಂಬ ಹಿಟ್ಟು. ಈ ಸಲ ಕುರ್ಚಿ ತುದಿಗೆ ಕುಂದ್ರಲಿಲ್ಲ, ಬೆನ್ನು ಹಚ್ಚಿ ಕುಂತ್ಳು. ನಾ ರೊಟ್ಟಿ ತರಾಕ ಏಳಾಕತ್ತಿದ್ದೆ, ಬಳಿಚಕ್ರದಾಕಿ ತಾನೇ ಬಂದ್ಳು, ಬರೀ ಅಂಗೈ ಮ್ಯಾಲ ಉಬ್ಬಿದ ರೊಟ್ಟಿ ಇಟ್ಕೊಂಡು, ಹಾಲ್ ನಡುವ ಹಾಯ್ದು. ಅಷ್ಟೂ ಗಂಡಸರ ಮುಂದ ಅವ್ವನ ತಾಟಿಗೆ ಹಾಕಿ, ಉಣ್ಣವ್ವಾ, ಇನ್ನೊಂದು ಹಂಚಿನ ಮ್ಯಾಲ ಅದ ಅಂತ ಹೋದ್ಳು.

ಅವ್ವ ರೊಟ್ಟಿಗೆ ಬೆರಳು ಊರಿ ಒಡದ್ಳು. ಹಬಿ ಎದ್ದು ಅಕಿ ಮಾರಿಗೆ ಬಡೀತು. ಸುಡೋ ರೊಟ್ಟಿ ಅಕಿ ಬೆರಳಿಗೆ ಏನೂ ಅನಸಲಿಲ್ಲ, ಅವು ಹಂಚಿನಾಗ ಬೆಳೆದ ಬೆರಳು. ಒಂದು ತುತ್ತು ಮುರಿದು ಸೀದಾ ಬಾಯಾಗ ಇಟ್ಕೊಂಡ್ಳು. ಮರುಗಳಿಗಿ ಬಾಯಿ ತೆಗೆದು ಹಾ ಹಾ ಅಂತ ಉಸರು ಬಿಡಾಕತ್ತಿದ್ಳು, ಕಣ್ಣಾಗ ನೀರು. ನಾಲಿಗಿ ಸುಟ್ಟಿತ್ತು. ಊದಿಕೊಂಡು ಉಣಬೇಕಂತ ಅಕಿಗೆ ಗೊತ್ತಿದ್ದಿಲ್ಲ. ಹುಟ್ಟಿದಾಗಿಂದ ರೊಟ್ಟಿ ಬಡಿದಾಕಿ ನನ್ನ ಮಾರಿ ನೋಡಿ ಕೇಳಿದ್ಳು:

"ಇಷ್ಟು ಸುಡ್ತದೇನ ಇದು?"

ನಾ ನಗಬೇಕಂತ ಮಾಡಿದೆ, ಅಳು ಬಂತು. ಮುಂಜಾನಿಯಿಂದ ತಡಕೊಂಡಿದ್ದೆಲ್ಲ ಆ ಹಾಲ್‌ನಾಗ, ಅಷ್ಟು ಮಂದಿ ಮುಂದನೇ ಸುರೀತು, ಸುರೀಲಿ ಅಂತ ಬಿಟ್ಟೆ. ಅವ್ವ ಊದಿ ಊದಿ ಮೂರು ರೊಟ್ಟಿ ಉಂಡ್ಳು. ಮೂರನೇದಕ್ಕ ಜರಾ ಉಪ್ಪು ಕಡಿಮಿ ಅದ ಅಂತ ಕೊಂಕು ತೆಗೆದ್ಳು, ಆದ್ರ ಅದನ್ನ ಬಳಿಚಕ್ರದಾಕಿಗೆ ಹೇಳಬ್ಯಾಡ ಅಂದ್ಳು. ಹೊರಡೋ ಮುಂದ ಒಳಗ ಹೋಗಿ ಅಕಿ ಸಂಗಟ ಭಾಳ ಹೊತ್ತು ಏನೋ ಮಾತಾಡಿ ಬಂದ್ಳು. ಏನಂತ ಕೇಳಿದ್ರ ನನಗ ಹೇಳಲಿಲ್ಲ.

ಮರುದಿನ ಮಧ್ಯಾನ ಆಫೀಸಿನಿಂದ ಶಹಾಪುರದ ನಮ್ಮ ಖಾನಾವಳಿಗೆ ಹೋದೆ. ಹಾಲ್ ತುಂಬಿತ್ತು, ಬಾಗಲಾಗೂ ಮಂದಿ ನಿಂತಿದ್ರು, ಆದ್ರ ಒಳಗಿಂದ ಬಡಿಯೋ ಸಪ್ಪಳ ಬರ್ತಿದ್ದಿಲ್ಲ. ಹೆದರಿ ಹಿಂಬಾಗಲಿನಿಂದ ಒಳಗ ಹೋದೆ. ಮಾಲಕ ಅಡಗಿ ಮನಿ ಬಾಗಲಾಗ ನಿಂತು, ಸಾಹೇಬ್ರು ಬಂದು ಕುಂತಾರ, ಜೀಪು ನಿಂತದ, ಯಾಕ ಒಂದೂ ರೊಟ್ಟಿ ಹೊರಗ ಬರಾಕತ್ತಿಲ್ಲ ಅಂತ ಕೇಳಾಕತ್ತಿದ್ದ. ಅವ್ವ ಹಂಚು ಕೆಳಗ ಇಳಿಸಿಟ್ಟು, ಗ್ವಾಡಿಗೆ ಬೆನ್ನು ಹಚ್ಚಿ ಕುಂತಿದ್ಳು. ತೊಡಿ ಮ್ಯಾಲ ತಾಟು, ತಾಟಿನಾಗ ಹಬಿ ಆಡೋ ರೊಟ್ಟಿ. ಊದಿ ಒಂದು ತುತ್ತು ಬಾಯಾಗ ಇಟ್ಕೊಂಡ್ಳು, ಅಗಿದ್ಳು, ನುಂಗಿದ್ಳು, ಆಮ್ಯಾಲ ಅವನ ಕಡಿ ನೋಡಿದ್ಳು.

"ತಡೀರಿ," ಅಂದ್ಳು. "ನಾ ಉಣ್ಣಾಕತ್ತೀನಿ."